ಬೆಂಕಿ ಬಿಟ್ಟು ಬರೋಕೆ ಆಟೋ ಚಾರ್ಜ್ ಎಷ್ಟು?

ಜಾರ್ಖಂಡಿನ ಕಲ್ಲಿದ್ದಲು ಗಣಿಗಳ ಊರು ಝರಿಯಾಗೆ ಮೊದಲ ಸಲ ಹೋದಾಗ ನಾನು ಕೇಳಿದ ಪ್ರಶ್ನೆ ನೆನಪಾದರೆ ಈಗಲೂ ಸ್ವಲ್ಪ ನಾಚಿಕೆ ಆಗುತ್ತದೆ. ನೆಲದ ಬಿರುಕಿನಿಂದ ಹೊಗೆ ಏಳುತ್ತಿತ್ತು. ಬಿರುಕಿನಿಂದ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ಒಂದು ಮನೆ. ಮನೆ ಮುಂದೆ ಹಗ್ಗ ಕಟ್ಟಿ ಮಕ್ಕಳ ಯೂನಿಫಾರ್ಮ್ ಒಣಗಲು ಹಾಕಿದ್ದರು. ಬಿಳಿ ಅಂಗಿ. ಆ ಜಾಗದಲ್ಲಿ ಬಿಳಿ ಅಂಗಿಯನ್ನು ಬಿಳಿಯಾಗಿ ಇಟ್ಟುಕೊಳ್ಳೋದೇ ಒಂದು ಸಾಹಸ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಹೆಂಗಸನ್ನು ನಾನು ನನ್ನ ಹರಕು ಹಿಂದಿಯಲ್ಲಿ ಕೇಳಿಬಿಟ್ಟೆ, "ಇಷ್ಟು ಅಪಾಯ ಇದ್ದರೂ ನೀವು ಇಲ್ಲಿಂದ ಯಾಕೆ ಹೋಗಲ್ಲ?"

ಅವರು ತಲೆ ಎತ್ತಿ ನೋಡಿದರು. ನಕ್ಕರು. "ಹೋಗಿ ವಾಪಸ್ ಬಂದಿದ್ದೀವಿ ಬಾಬು" ಅಂದರು.

ಅದು 2013ರ ಚಳಿಗಾಲ. ನಾನು ಓದೋಕೆ ಅಂತ ಧನಬಾದ್‌ಗೆ ಹೋಗಿದ್ದೆ. ಹಾಸ್ಟೆಲಿನಿಂದ ಝರಿಯಾ ಹೆಚ್ಚು ದೂರವೇನಲ್ಲ. ಶೇರ್ ಆಟೋದಲ್ಲಿ ಕಾಲು ಮುದುರಿಕೊಂಡು ಕೂತರೆ ಮುಕ್ಕಾಲು ಗಂಟೆಯೊಳಗೆ ಅಲ್ಲಿರಬಹುದು. ಮೊದಲು ಹೋಗಿದ್ದು ಸುಮ್ನೆ ನೋಡೋಕೆ. ನೆಲದ ಕೆಳಗೆ ನೂರು ವರ್ಷದಿಂದ ಉರಿಯುತ್ತಿರುವ ಊರು ಅಂದರೆ ಯಾರಿಗೆ ಕುತೂಹಲ ಇರಲ್ಲ? ಕ್ಯಾಮೆರಾ ಹಿಡಿದು ಬರುವವರು ಅಲ್ಲಿ ಎಷ್ಟು ಜಾಸ್ತಿ ಅಂದರೆ, ರಾತ್ರಿ ಬೆಂಕಿ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ ಚಿಕ್ಕ ಹುಡುಗರೇ ಜಾಗ ತೋರಿಸುತ್ತಾರೆ. ನಾನೂ ಅಂಥವನೊಬ್ಬ. ಆದರೆ ಆ "ಹೋಗಿ ವಾಪಸ್ ಬಂದಿದ್ದೀವಿ" ಅನ್ನೋ ಮಾತು ತಲೆಯಲ್ಲೇ ಉಳಿಯಿತು, ಮತ್ತೆ ಮತ್ತೆ ಹೋದೆ, ಎರಡು ವರ್ಷದಲ್ಲಿ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ. ಆ ಹೆಂಗಸನ್ನು ಎಲ್ಲರ ಹಾಗೆ ನಾನೂ ಚಾಚಿ ಅಂತ ಕರೆಯೋಕೆ ಶುರು ಮಾಡಿದೆ. ಚಿಕ್ಕಮ್ಮ ಅಂದ ಹಾಗೆ. ಇಲ್ಲೂ ಹಾಗೇ ಕರೆಯುತ್ತೇನೆ.

ಮೊದಲು ಬೆಂಕಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಅರ್ಥವಾಗಲ್ಲ.

ಝರಿಯಾದಲ್ಲಿ ಕಲ್ಲಿದ್ದಲು ತೆಗೆಯೋಕೆ ಶುರುವಾಗಿದ್ದು 1890ರ ದಶಕದಲ್ಲಿ. ಉಕ್ಕಿನ ಕುಲುಮೆಗೆ ಬೇಕಾದ ಒಳ್ಳೆ ದರ್ಜೆಯ ಕೋಕಿಂಗ್ ಕಲ್ಲಿದ್ದಲು. ಆಗ ಎಲ್ಲ ಖಾಸಗಿ ಗಣಿ ಮಾಲೀಕರು. ಭೂಮಿಯೊಳಗೆ ಸುರಂಗ ಕೊರೆದು, ಚಾವಣಿ ಬೀಳದಿರಲಿ ಅಂತ ಅಲ್ಲಲ್ಲಿ ಕಲ್ಲಿದ್ದಲನ್ನೇ ಕಂಬದ ಹಾಗೆ ಬಿಟ್ಟು, ಉಳಿದಿದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಖಾಲಿ ಜಾಗಕ್ಕೆ ಮರಳು ತುಂಬಬೇಕು. ಎಷ್ಟೋ ಕಡೆ ತುಂಬಲಿಲ್ಲ. ಮರಳಿಗೂ ದುಡ್ಡು ಬೇಕಲ್ಲ. ಹಾಗೆ ಬಿಟ್ಟ ಕಲ್ಲಿದ್ದಲಿಗೆ ಗಾಳಿ ತಾಗಿದರೆ ಅದು ತಾನಾಗೇ ನಿಧಾನಕ್ಕೆ ಬಿಸಿಯಾಗುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರೋದೇ ಬೇಡ. 1916ರಲ್ಲಿ ಮೊದಲ ಬೆಂಕಿ ದಾಖಲಾಯಿತು. 1970ರ ದಶಕದ ಶುರುವಿನಲ್ಲಿ ಗಣಿಗಳು ಸರಕಾರದ ಕೈಗೆ ಬಂದವು, ಭಾರತ್ ಕೋಕಿಂಗ್ ಕೋಲ್ ಅನ್ನೋ ಕಂಪನಿ ಹುಟ್ಟಿತು, ಸುರಂಗದ ಬದಲು ಮೇಲಿನಿಂದಲೇ ತೋಡುವ ತೆರೆದ ಗಣಿ ಹೆಚ್ಚಾಯಿತು. ತೆರೆದ ಗಣಿ ತೋಡುತ್ತಾ ಹೋದರೆ ಹಳೇ ಸುರಂಗಗಳ ಬಾಯಿ ತೆರೆದುಕೊಳ್ಳುತ್ತದೆ. ಬಾಯಿ ತೆರೆದರೆ ಗಾಳಿ. ಗಾಳಿ ಹೋದರೆ ಮತ್ತೆ ಬೆಂಕಿ.

ಬೆಂಕಿಗಿಂತ ಅಲ್ಲಿಯವರು ಹೆದರುವುದು ಇನ್ನೊಂದಕ್ಕೆ. ಕೆಳಗೆ ಕಲ್ಲಿದ್ದಲಿನ ಕಂಬ ಉರಿದು ಬೂದಿಯಾದ ಮೇಲೆ ಮೇಲಿನ ನೆಲ ನಿಲ್ಲೋದು ಯಾವುದರ ಮೇಲೆ? ಒಂದು ದಿನ ಕುಸಿಯುತ್ತದೆ. ದೊಡ್ಡದಾಗಿ ಕುಸಿದರೆ ಧಸಾನ್, ಇದ್ದಕ್ಕಿದ್ದ ಹಾಗೆ ಬಾವಿಯಂತೆ ತೂತು ಬಿದ್ದರೆ ಗೋಫ್. ಎರಡೂ ಅಲ್ಲಿನ ಮಕ್ಕಳಿಗೂ ಗೊತ್ತಿರುವ ಪದ. 2017ರ ಮೇ ತಿಂಗಳಲ್ಲಿ ಝರಿಯಾ ಪಟ್ಟಣದ ಇಂದಿರಾ ಚೌಕ್ ಹತ್ತಿರ ಅಪ್ಪ ಮಗ ಇಬ್ಬರನ್ನು ಹೀಗೇ ನೆಲ ನುಂಗಿತು. ಅದಾದ ಮುಂದಿನ ತಿಂಗಳೇ ಧನಬಾದ್–ಚಂದ್ರಪುರ ರೈಲು ಮಾರ್ಗ ನಿಲ್ಲಿಸಿದರು, ಹಳಿಯ ಕೆಳಗೆ ಬೆಂಕಿ ಇದೆ ಅಂತ. 2019ರಲ್ಲಿ ಮತ್ತೆ ರೈಲು ಬಿಟ್ಟರು. ಕೆಳಗಿನ ಬೆಂಕಿ ಆರಿತ್ತಾ ಅಂತ ಕೇಳಬೇಡಿ.

ಹಾಗಾದರೆ ಜನರನ್ನು ಬೇರೆ ಕಡೆ ಕಳಿಸಬೇಕು. ಇದರಲ್ಲಿ ಎರಡು ಮಾತಿಲ್ಲ. ಹರಧನ್ ರಾಯ್ ಅಂತ ಬಂಗಾಳದ ಕಾರ್ಮಿಕ ನಾಯಕರು, ಮಾಜಿ ಸಂಸದರು, 1997ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕೇಸಿನ ಬೆನ್ನಿಗೇ ಝರಿಯಾಗೂ ಪಕ್ಕದ ರಾಣಿಗಂಜ್‌ಗೂ ಮಾಸ್ಟರ್ ಪ್ಲಾನ್ ತಯಾರಾಗಿದ್ದು. ಕೇಂದ್ರ ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 2009ರ ಆಗಸ್ಟ್‌ನಲ್ಲಿ. ಝರಿಯಾ ಪಾಲಿಗೆ 7,112 ಕೋಟಿ ರೂಪಾಯಿ. ಅಪಾಯದ ಜಾಗ 595. 2004ರ ಸಮೀಕ್ಷೆಯಲ್ಲಿ ಅಲ್ಲಿದ್ದ ಕುಟುಂಬಗಳು 54 ಸಾವಿರಕ್ಕೂ ಹೆಚ್ಚು. ಅವರಿಗಾಗಿ ಝರಿಯಾದಿಂದ ಎಂಟು ಹತ್ತು ಕಿಲೋಮೀಟರ್ ದೂರದ ಬೆಲ್‌ಗಡಿಯಾ ಅನ್ನೋ ಕಡೆ ಹೊಸ ಬಡಾವಣೆ.

ಚಾಚಿ ಹೋಗಿ ವಾಪಸ್ ಬಂದಿದ್ದು ಈ ಬೆಲ್‌ಗಡಿಯಾದಿಂದ.

ಯಾಕೆ ಬಂದಿರಿ ಅಂತ ನಾನು ಕೇಳಲಿಲ್ಲ, ಮೊದಲ ಪ್ರಶ್ನೆಯ ಮುಜುಗರವೇ ಸಾಕಾಗಿತ್ತು. ಎರಡನೇ ಸಲ ಹೋದಾಗ ಅವರೇ ಹೇಳಿದರು, ಬೆರಳಿನ ಗೆಣ್ಣು ಎಣಿಸುತ್ತಾ. ಬೆಳಗಿನ ಜಾವ ಮೂರಕ್ಕೆ ಏಳುವುದು. ಬುಟ್ಟಿ ತಗೊಂಡು ಗಣಿಯ ಮಣ್ಣು ಸುರಿಯುವ ಗುಡ್ಡೆಗೆ ಹೋಗುವುದು. ಮಣ್ಣಿನ ಜೊತೆ ಬಂದ ಕಲ್ಲಿದ್ದಲ ತುಂಡು ಆಯ್ದುಕೊಳ್ಳುವುದು. ಇದು ಕಾನೂನಿನ ಪ್ರಕಾರ ಕಳ್ಳತನ, ಅದು ಅವರಿಗೂ ಗೊತ್ತು, ಕಾವಲಿನವರಿಗೂ ಗೊತ್ತು. ಬೆಳಕು ಹರಿಯುವಷ್ಟರಲ್ಲಿ ವಾಪಸ್. ಮನೆಯ ಮುಂದೆಯೇ ರಾಶಿ ಹಾಕಿ ಸುಡುತ್ತಾರೆ, ಹೊಗೆಯೆಲ್ಲ ಹೋಗಿ ಒಲೆಗೆ ಸರಿಹೋಗುವ ಹಗುರ ಇದ್ದಿಲು ಉಳಿಯುತ್ತದೆ. ಅದನ್ನು ಹೋಟೆಲಿನವರು, ಇಟ್ಟಿಗೆ ಗೂಡಿನವರು ತಗೊಳ್ಳುತ್ತಾರೆ, ಇಲ್ಲವೇ ಸೈಕಲ್ಲಿನವರು. ಕಲ್ಲಿದ್ದಲ ಸೈಕಲ್ ನೋಡಬೇಕು ನೀವು. ಇನ್ನೂರು ಕೆಜಿಗಿಂತ ಜಾಸ್ತಿ ಮೂಟೆ ಹೇರಿ, ತುಳಿಯದೆ, ಪಕ್ಕದಲ್ಲಿ ನಡೆಯುತ್ತಾ ತಳ್ಳಿಕೊಂಡು ಹತ್ತಾರು ಮೈಲಿ ಹೋಗುತ್ತಾರೆ. ಚಾಚಿಗೆ ದಿನಕ್ಕೆ ನೂರೈವತ್ತು, ಒಳ್ಳೆ ದಿನ ಇನ್ನೂರು ಸಿಗುತ್ತಿತ್ತು. ಮನೆಯ ಒಲೆಗೆ ಉರುವಲು ಪುಕ್ಕಟೆ.

ಬೆಲ್‌ಗಡಿಯಾದಲ್ಲಿ? ಬೆಳಗಿನ ಜಾವ ಮೂರಕ್ಕೆ ಆಟೋ ಇಲ್ಲ. ಮೊದಲ ಆಟೋ ಹಿಡಿದು ಬರುವಷ್ಟರಲ್ಲಿ ಹಗಲಾಗಿರುತ್ತದೆ, ಗುಡ್ಡೆಯ ಮೇಲೆ ಕಾವಲು ಇರುತ್ತದೆ. ಆಟೋಗೆ ಹೋಗೋಕೆ ಇಪ್ಪತ್ತು, ಬರೋಕೆ ಇಪ್ಪತ್ತು. ಕಲ್ಲಿದ್ದಲ ಬುಟ್ಟಿ ಹತ್ತಿಸಿಕೊಳ್ಳಲು ಆಟೋದವನು ಒಪ್ಪಲ್ಲ. ಸುಡೋಕೆ ಜಾಗ ಇಲ್ಲ, ಮೂರನೇ ಮಹಡಿಯಲ್ಲಿ ಎಲ್ಲಿ ಸುಡೋದು? ಅಡುಗೆಗೆ ಸಿಲಿಂಡರ್ ಬೇಕು. ತರಕಾರಿ ಝರಿಯಾಗಿಂತ ದುಬಾರಿ. ಝರಿಯಾದ ಕಿರಾಣಿ ಅಂಗಡಿಯವನು ಉದ್ರಿ ಬರೆದುಕೊಳ್ಳುತ್ತಿದ್ದ, ಅಲ್ಲಿನವನಿಗೆ ಇವರು ಯಾರು ಅಂತಲೇ ಗೊತ್ತಿಲ್ಲ. ಮಗಳ ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಮುದುಕಿಗೆ ಬೆಲ್‌ಗಡಿಯಾದಲ್ಲಿ ಮನೆ ಸಿಗಲಿಲ್ಲ, ಅವರು ಝರಿಯಾದಲ್ಲೇ ಉಳಿದರು. ಹಾಗಾಗಿ ಮಗಳೂ ಕೆಲಸ ಬಿಟ್ಟಳು. ಎಂಟು ತಿಂಗಳು ಹೀಗೆ ನಡೆಯಿತು. ಎಂಟು ತಿಂಗಳಲ್ಲಿ ಮೂಗಿನ ನತ್ತು ಹೋಯಿತು, ಆಮೇಲೆ ಆಡು ಹೋಯಿತು. ಅಲ್ಲಿ ಆಡು ಕಟ್ಟೋಕೂ ಜಾಗ ಇರಲಿಲ್ಲ ಅನ್ನಿ.

"ಇಲ್ಲಿ ಬೆಂಕಿ ಒಂದು ದಿನ ಸುಡಬಹುದು, ಅಲ್ಲಿ ದಿನಾ ಸುಡುತ್ತಿತ್ತು" ಅಂದರು ಚಾಚಿ. ದೊಡ್ಡ ಮಗನ ಸಂಸಾರವನ್ನು ಆ ಮನೆಯಲ್ಲಿ ಬಿಟ್ಟು, ತಾವು ಗಂಡ, ಮಗಳು, ಮೊಮ್ಮಕ್ಕಳ ಜೊತೆ ಹಳೇ ಜಾಗಕ್ಕೆ ಬಂದು ಮತ್ತೆ ಗೋಡೆ ಎಬ್ಬಿಸಿಕೊಂಡರು.

ನಾನು ಈ ಲೆಕ್ಕವನ್ನು ಇಷ್ಟು ಉದ್ದ ಬರೆದಿದ್ದಕ್ಕೆ ಕಾರಣ ಇದೆ. "ಅಷ್ಟು ಅಪಾಯ ಇದ್ದರೂ ಜನ ಬಿಟ್ಟು ಹೋಗಲ್ಲ, ಅವರಿಗೆ ಬುದ್ಧಿ ಇಲ್ಲ, ಪರಿಹಾರದ ಆಸೆ" ಅನ್ನೋ ಮಾತನ್ನು ಹಾಸ್ಟೆಲಿನಲ್ಲೂ ಕೇಳಿದ್ದೇನೆ, ಆಮೇಲೆ ಕೆಲಸಕ್ಕೆ ಸೇರಿದ ಕಡೆಯೂ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ತಿಂಗಳ ಕೊನೆಗೆ ಸಂಬಳ ಬರುವ ಮನೆಯಲ್ಲಿ ಬೆಳೆದವರಿಗೆ ಮನೆ ಅಂದರೆ ಗೋಡೆ, ಚಾವಣಿ, ನಲ್ಲಿ, ಲೈಟು. ಅದಕ್ಕಿಂತ ಒಳ್ಳೆ ಗೋಡೆ ಚಾವಣಿ ಕೊಟ್ಟ ಮೇಲೂ ಬೇಡ ಅನ್ನುವವರನ್ನು ನೋಡಿದರೆ ಅವರಿಗೆ ವಿಚಿತ್ರ ಅನ್ನಿಸುತ್ತದೆ. ದಿನದ ದುಡಿಮೆ ದಿನಕ್ಕೆ ಅನ್ನೋ ಮನೆಯಲ್ಲಿ ಮನೆ ಅಂದರೆ ಮೊದಲು ಕೆಲಸಕ್ಕೆ ಎಷ್ಟು ದೂರ ಅನ್ನೋದು, ಆಮೇಲೆ ಉದ್ರಿ ಕೊಡೋರು ಯಾರು ಅನ್ನೋದು, ಆಮೇಲೆ ಮಗು ನೋಡಿಕೊಳ್ಳೋರು ಯಾರು ಅನ್ನೋದು. ಗೋಡೆ ನಾಲ್ಕನೆಯದು. ಆಫೀಸಿನ ಅರ್ಜಿಯಲ್ಲಿ ಈ ನಾಲ್ಕನೆಯದಕ್ಕೆ ಮಾತ್ರ ಕಾಲಂ ಇತ್ತು.

ಕಾಗದದ ಕಥೆ ಇನ್ನೊಂದು. ಝರಿಯಾದಲ್ಲಿ ಜನರನ್ನು ಎರಡು ಗುಂಪು ಮಾಡುತ್ತಾರೆ, ರೈಯತ್ ಮತ್ತು ಗೈರ್ ರೈಯತ್. ನಮ್ಮ ರೈತ ಅನ್ನೋ ಪದದ ದಾಯಾದಿಯೇ ಅದು. ಜಾಗಕ್ಕೆ ಕಾನೂನಿನ ಹಕ್ಕುಪತ್ರ ಇದ್ದವನು ರೈಯತ್, ಇಲ್ಲದವನು ಗೈರ್ ರೈಯತ್. ಗೈರ್ ರೈಯತ್ ಅಂದರೆ ನಿನ್ನೆ ಮೊನ್ನೆ ಬಂದು ಗುಡಿಸಲು ಹಾಕಿದವರು ಅಂದುಕೊಳ್ಳಬೇಡಿ. ಅಜ್ಜನ ಕಾಲದಲ್ಲಿ ಬಿಹಾರದಿಂದಲೋ ಬಂಗಾಳದಿಂದಲೋ ಗಣಿ ಕೆಲಸಕ್ಕೆ ಕರೆತಂದು, ಧೌರಾ ಅಂತ ಕರೆಯುವ ಸಾಲು ಗೂಡುಗಳಲ್ಲಿ ಇಳಿಸಿದ್ದ ಕೂಲಿಗಳ ಮೊಮ್ಮಕ್ಕಳೂ ಇದರಲ್ಲಿ ಇದ್ದಾರೆ. ಮೂರು ತಲೆಮಾರು ಒಂದೇ ಜಾಗದಲ್ಲಿ ಹುಟ್ಟಿ ಸತ್ತರೂ ಕಾಗದ ಇಲ್ಲ ಅಂದರೆ ಅತಿಕ್ರಮಣ. ಗೈರ್ ರೈಯತ್‌ಗಳಿಗೆ ಕೊಡುವುದಾಗಿ ಹೇಳಿದ್ದು ಎರಡು ಕೋಣೆಯ ಚಿಕ್ಕ ಫ್ಲಾಟು, ಸಾಮಾನು ಸಾಗಿಸೋಕೆ ಹತ್ತು ಸಾವಿರ ರೂಪಾಯಿ, 500 ದಿನದ ಕನಿಷ್ಠ ಕೂಲಿ. 500 ದಿನ ಆದ ಮೇಲೆ ಏನು ಅನ್ನೋದು ನೀವೇ ಲೆಕ್ಕ ಹಾಕಿಕೊಳ್ಳಿ. ಪರವಾಗಿಲ್ಲ, ಏನೂ ಇಲ್ಲದ್ದಕ್ಕಿಂತ ಮೇಲು ಅಂತ ಇಟ್ಟುಕೊಳ್ಳೋಣ.

ಆದರೆ ಪಟ್ಟಿಯಲ್ಲಿ ಹೆಸರು ಇರಬೇಕು. ಪಟ್ಟಿ 2004ರದ್ದು. 2004ರಲ್ಲಿ ಹತ್ತು ವರ್ಷದ ಹುಡುಗ 2014ರಲ್ಲಿ ಮದುವೆಯಾಗಿ ಎರಡು ಮಕ್ಕಳ ತಂದೆ. ಪಟ್ಟಿಯ ಪ್ರಕಾರ ಅವನಿನ್ನೂ ಅಪ್ಪನ ಕುಟುಂಬದ ಒಬ್ಬ ಸದಸ್ಯ. ಎರಡು ಕೋಣೆಯ ಫ್ಲಾಟಿಗೆ ಮೂರು ಸಂಸಾರ. ಮತ್ತೆ ಸಮೀಕ್ಷೆ ಮಾಡಿದಾಗ ಕುಟುಂಬಗಳ ಸಂಖ್ಯೆ ಒಂದು ಲಕ್ಷ ದಾಟಿತ್ತು, ಅದರಲ್ಲಿ ಹೆಚ್ಚಿನವರು ಗೈರ್ ರೈಯತ್‌ಗಳೇ. ಸರಕಾರದ ಕಡೆಯವರು ಇದನ್ನು ನೋಡಿ, ಪರಿಹಾರಕ್ಕೋಸ್ಕರ ಹೊರಗಿನವರು ಬಂದು ಸೇರಿಕೊಂಡಿದ್ದಾರೆ ಅನ್ನುತ್ತಾರೆ. ಸ್ವಲ್ಪ ಜನ ಹಾಗೆ ಬಂದಿರಲೂಬಹುದು, ನಾನು ಇಲ್ಲ ಅನ್ನಲ್ಲ. ಆದರೆ ಹತ್ತು ಹದಿನೈದು ವರ್ಷ ಯೋಜನೆ ಎಳೆದಾಡಿದರೆ ಅಷ್ಟು ಹೊತ್ತು ಮಕ್ಕಳು ಬೆಳೆಯದೆ, ಮದುವೆ ಆಗದೆ ಕಾಯುತ್ತಾ ಕೂರುತ್ತಾರಾ?

ಬೆಲ್‌ಗಡಿಯಾಗೆ ನಾನು ಹೋಗಿದ್ದು ಚಾಚಿಯ ದೊಡ್ಡ ಮಗನ ಮನೆಗೆ. ಮಧ್ಯಾಹ್ನ. ಬಡಾವಣೆ ತುಂಬಾ ಗಂಡಸರು. ಅದು ನನಗೆ ತಕ್ಷಣ ಕಣ್ಣಿಗೆ ಬಿತ್ತು. ಝರಿಯಾದಲ್ಲಿ ಹಗಲು ಹೊತ್ತು ಮನೆ ಹತ್ತಿರ ದುಡಿಯುವ ವಯಸ್ಸಿನ ಗಂಡಸು ಸಿಗುವುದು ಕಷ್ಟ, ಇಲ್ಲಿ ಮೆಟ್ಟಿಲ ಮೇಲೆ, ಕಟ್ಟೆಯ ಮೇಲೆ, ಇಸ್ಪೀಟು ಹಿಡಿದು ಅಥವಾ ಸುಮ್ನೆ ಕೂತವರು. ಹೆಂಗಸರು ನೀರಿಗೆ ಸಾಲು ನಿಂತಿದ್ದರು. ಗೋಡೆಗಳು ಆಗಲೇ ತೇವ ಹೀರಿದ್ದವು. ನಾನು ಹೋದ ದಿನ ಅಲ್ಲಿ ಜಗಳ ಒಂದು ನಡೆಯುತ್ತಿತ್ತು, ಮೇಲಿನ ಮಹಡಿಯವರು ಚೆಲ್ಲಿದ ನೀರು ಕೆಳಗಿನವರ ಹಾಸಿಗೆಗೆ ಬಿದ್ದಿದ್ದಕ್ಕೆ. ಒಬ್ಬರು ಬೋಕಾಪಹಾಡಿಯಿಂದ ಬಂದವರು, ಇನ್ನೊಬ್ಬರು ಬೇರೆ ಯಾವುದೋ ಕೇರಿಯವರು. ಹಳೇ ಊರಿನಲ್ಲಿ ಜಗಳ ಬಿದ್ದರೆ ಬಿಡಿಸೋಕೆ ಒಬ್ಬ ಹಿರಿಯ ಇರುತ್ತಿದ್ದ. ಇಲ್ಲಿ ಲಾಟರಿ ಎತ್ತಿದ ಹಾಗೆ ಅಕ್ಕಪಕ್ಕ ಬಂದು ಬಿದ್ದವರು, ಯಾರ ಮಾತು ಯಾರು ಕೇಳಬೇಕು? ಮದುವೆ ಸಂಬಂಧ ಹುಡುಕೋದೂ ಕಷ್ಟವಾಗಿದೆ ಅಂತ ಮಗ ಹೇಳಿದ. ಬೆಲ್‌ಗಡಿಯಾ ಅಂದ ಕೂಡಲೇ ಹೆಣ್ಣು ಕೊಡುವವರು ಹುಡುಗ ಏನು ಕೆಲಸ ಮಾಡುತ್ತಾನೆ ಅಂತ ಎರಡು ಸಲ ಕೇಳುತ್ತಾರಂತೆ.

ಹೆಂಗಸರ ವಿಷಯ ನನಗೆ ಹೊಳೆದಿದ್ದು ತಡವಾಗಿ. ಅದೂ ನಾನಾಗಿ ಕಂಡುಕೊಂಡಿದ್ದಲ್ಲ, ಚಾಚಿಯ ಸೊಸೆ ಹೇಳಿದ್ದು. ಝರಿಯಾದಲ್ಲಿ ಕಲ್ಲಿದ್ದಲು ಆಯುವುದರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಕೈಗೆ ಬಂದ ದುಡ್ಡು ಹೆಂಗಸಿನದು, ಅವಳೇ ಉಪ್ಪು ಎಣ್ಣೆ ತರುತ್ತಾಳೆ, ಸ್ವಲ್ಪ ಬಚ್ಚಿಡುತ್ತಾಳೆ. ಪರಿಹಾರ ಬರೋದು ಮನೆಯ ಯಜಮಾನನ ಹೆಸರಿಗೆ. ಊರು ಬದಲಾದ ಒಂದೇ ದಿನದಲ್ಲಿ ಅವಳ ದುಡಿಮೆ ನಿಂತಿತು, ಅವನ ಕೈಗೆ ಒಟ್ಟಿಗೆ ದುಡ್ಡು ಬಂತು. ಮುಂದೆ ಏನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸೊಸೆ ಹೇಳಲೂ ಇಲ್ಲ. ಹಳೇ ಮೊಬೈಲು, ಹಳೇ ಬೈಕು, ಎರಡು ತಿಂಗಳು ಕುಡಿತ, ಅಷ್ಟನ್ನು ಗಂಡನ ಎದುರಿಗೇ ನಗುತ್ತಾ ಹೇಳಿ ಚಹಾ ಇಟ್ಟಳು. ಅವನು ಕಿಟಕಿ ಕಡೆ ನೋಡುತ್ತಿದ್ದ. ಕೆಟ್ಟ ಮನುಷ್ಯ ಅನ್ನಿಸಲಿಲ್ಲ ನನಗೆ. ಕಲ್ಲಿದ್ದಲು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ಇಪ್ಪತ್ತೇಳು ವರ್ಷದವನು, ಅಷ್ಟೇ.

ಇನ್ನೊಂದು ಅನುಮಾನ ಝರಿಯಾದಲ್ಲಿ ಎಲ್ಲರ ಬಾಯಲ್ಲೂ ಇದೆ. ಬೆಂಕಿ ಅಂತ ಹೇಳಿ ನಮ್ಮನ್ನು ಎಬ್ಬಿಸುವುದು ನಮ್ಮ ಜೀವ ಉಳಿಸೋಕೋ, ನಮ್ಮ ಕಾಲ ಕೆಳಗಿನ ಕಲ್ಲಿದ್ದಲು ತೆಗೆಯೋಕೋ? ನಾನು ಓದಿದ್ದು ಗಣಿ ವಿಷಯವೇ ಆದ್ದರಿಂದ ಇದಕ್ಕೆ ಎರಡೂ ಹೌದು ಅಂತ ಹೇಳಬಲ್ಲೆ. ಉರಿಯುತ್ತಿರುವ ಕಲ್ಲಿದ್ದಲನ್ನು ಆರಿಸಲು ಇರುವ ಒಂದು ದಾರಿ ಅದನ್ನು ಪೂರ್ತಿ ತೋಡಿ ತೆಗೆಯೋದು. ತೋಡಬೇಕಾದರೆ ಮೇಲಿರುವ ಊರು ಹೋಗಬೇಕು. ತೋಡಿದ ಕಲ್ಲಿದ್ದಲು ಮಾರಾಟಕ್ಕೆ ಹೋಗುತ್ತದೆ. ಇದರಲ್ಲಿ ಗುಟ್ಟೇನಿಲ್ಲ. ಆದರೆ ನೂರು ವರ್ಷ ಮೋಸ ಹೋದವರಿಗೆ ಇದನ್ನು ನೀವು ಯಾವ ಬಾಯಲ್ಲಿ ವಿವರಿಸುತ್ತೀರಿ? ಹಳೇ ಸುರಂಗದ ಗಣಿಯಲ್ಲಿ ಸಾವಿರಾರು ಜನರಿಗೆ ಕೆಲಸವಾದರೂ ಇತ್ತು. ತೆರೆದ ಗಣಿಯಲ್ಲಿ ದೊಡ್ಡ ಯಂತ್ರಗಳು, ಡಂಪರ್‌ಗಳು. ಊರು ಹೋಗುತ್ತದೆ, ಬದಲಿಗೆ ಊರಿನವರಿಗೆ ಕೆಲಸ ಸಿಗಲ್ಲ. ಭಾರತ್ ಕೋಕಿಂಗ್ ಕೋಲ್‌ನ ಮಾತೃಸಂಸ್ಥೆ ಕೋಲ್ ಇಂಡಿಯಾದ ನೀತಿಯಲ್ಲಿ ಎರಡು ಎಕರೆ ಜಮೀನಿಗೆ ಒಂದು ಕೆಲಸ ಅಂತ ಇದೆ. ಎರಡು ಎಕರೆ ಇಲ್ಲದವರು ಮೂರು ನಾಲ್ಕು ಮನೆಯವರು ಸೇರಿ, ಜಮೀನು ಕೂಡಿಸಿ, ಕೆಲಸ ಯಾರಿಗೆ ಅಂತ ತಮ್ಮೊಳಗೇ ತೀರ್ಮಾನ ಮಾಡಿಕೊಳ್ಳಬೇಕು. ಅಣ್ಣ ತಮ್ಮಂದಿರು ಕೋರ್ಟು ಹತ್ತಲು ಇಷ್ಟು ಸಾಕು. ಜಮೀನೇ ಇಲ್ಲದವರ ಹೆಸರು ಈ ಮಾತಿನಲ್ಲಿ ಬರುವುದೇ ಇಲ್ಲ.

ಈಗ ನನ್ನ ಕಥೆ ಸ್ವಲ್ಪ ಹೇಳಬೇಕು. ಚಾಚಿ ಒಂದು ದಿನ ನನ್ನನ್ನು ಕೇಳಿದರು, ನಿಮ್ಮ ಊರು ಯಾವುದು ಅಂತ. ಹುಟ್ಟಿ ಬೆಳೆದಿದ್ದು ಕುದುರೆಮುಖ ಅಂದೆ. ಅದು ಊರಾ, ಬೆಟ್ಟವಾ ಅಂದರು. ಎರಡೂ ಅಂದೆ.

ಕುದುರೆಮುಖದ ಕಬ್ಬಿಣದ ಗಣಿ ನೋಡಿದವರು ನಿಮ್ಮಲ್ಲಿ ಕೆಲವರು ಇರಬಹುದು. 1976ರಲ್ಲಿ ಕಂಪನಿ ಶುರುವಾಗಿದ್ದು ಇರಾನಿಗೆ ಅದಿರು ಮಾರೋಕೆ, ಇರಾನಿನದೇ ಸಾಲದ ಮೇಲೆ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಗಿರಾಕಿಯೇ ಕೈಬಿಟ್ಟ ಹಾಗಾಯಿತು, ಗಣಿ ಮಾತ್ರ ನಡೆಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಘಟ್ಟದ ಕೆಳಗೆ ಪಣಂಬೂರಿನವರೆಗೆ 67 ಕಿಲೋಮೀಟರ್ ಕೊಳವೆಯಲ್ಲಿ ಕಳಿಸುತ್ತಿದ್ದರು. ಬೆಟ್ಟದ ಮಧ್ಯೆ ಕಟ್ಟಿದ ಟೌನ್‌ಶಿಪ್ಪಿನಲ್ಲಿ ಆಸ್ಪತ್ರೆ, ಶಾಲೆ, ಕ್ಲಬ್ಬು. ಮಳೆಗಾಲ ಅಂದರೆ ಮಳೆಗಾಲ, ಸಾಕ್ಸು ಒಣಗಿಸೋಕೆ ಇಸ್ತ್ರಿ ಪೆಟ್ಟಿಗೆ. 2002ರಲ್ಲಿ ಸುಪ್ರೀಂ ಕೋರ್ಟು, ಅದು ರಾಷ್ಟ್ರೀಯ ಉದ್ಯಾನದ ಕಾಡು, ಭದ್ರಾ ನದಿಯ ಮೂಲ, 2005ರ ಕೊನೆಗೆ ಗಣಿ ನಿಲ್ಲಿಸಿ ಅಂತ ಹೇಳಿತು. 2005ರ ಡಿಸೆಂಬರ್ 31ಕ್ಕೆ ನಿಂತಿತು. ನನ್ನ ಕ್ಲಾಸಿನಲ್ಲಿ ತಿಂಗಳಿಗೆ ಇಬ್ಬರು ಮೂವರಂತೆ ಖಾಲಿಯಾದರು. ನಮ್ಮ ಸರದಿ ಬಂದಾಗ ಲಾರಿ ಬಂತು, ಸಾಮಾನು ಸಾಗಿಸಿದ ಖರ್ಚು ಅಪ್ಪನಿಗೆ ಸಿಕ್ಕಿತು, ಮಂಗಳೂರಿನ ಶಾಲೆಗೆ ನನ್ನ ಟಿಸಿ ನನಗಿಂತ ಮೊದಲೇ ತಲುಪಿತ್ತು. ನಾನು ಎಷ್ಟೋ ವರ್ಷ ಇದನ್ನು ದೊಡ್ಡ ದುಃಖದ ಕಥೆ ಅಂತಲೇ ಹೇಳಿಕೊಂಡು ತಿರುಗಿದ್ದೇನೆ. ಊರು ಕಳೆದುಕೊಂಡವರು ನಾವು ಅಂತ.

ಚಾಚಿ ಎಲ್ಲ ಕೇಳಿದರು. ಅಪ್ಪನ ಸಂಬಳ ನಿಂತಿತಾ ಅಂತ ಕೇಳಿದರು. ಇಲ್ಲ ಅಂದೆ. ಹೂಂ ಅಂದರು. ಆಮೇಲೆ ಕೇಳಿದರು, "ನಿಮ್ಮ ಕ್ವಾರ್ಟರ್ಸ್ ಕಟ್ಟೋಕೆ ಮುಂಚೆ ಅಲ್ಲಿ ಯಾರಿದ್ದರು?"

ಗೊತ್ತಿಲ್ಲ ಅಂದೆ. ನಿಜವಾಗಲೂ ಗೊತ್ತಿರಲಿಲ್ಲ. ಹದಿಮೂರು ವರ್ಷ ಅಲ್ಲಿ ಬದುಕಿದ್ದೆ, ಒಂದು ಸಲವೂ ಆ ಪ್ರಶ್ನೆ ತಲೆಗೆ ಬಂದಿರಲಿಲ್ಲ. ಅವತ್ತು ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಸೇರುವಷ್ಟರಲ್ಲಿ ಎಲ್ಲ ಕಟ್ಟಿ ಆಗಿತ್ತಲ್ಲೋ" ಅಂದರು. ಮತ್ತೆ ಅವರೇ, "ಹಿಂದುಗಡೆ ಒಂದು ತುಳಸಿಕಟ್ಟೆಯ ಕಲ್ಲು ಇತ್ತಲ್ಲ, ನೀವೆಲ್ಲ ಕ್ರಿಕೆಟ್ ಆಡುವಾಗ ವಿಕೆಟ್ ಮಾಡಿಕೊಳ್ಳುತ್ತಿದ್ದಿರಿ" ಅಂದರು. ಇತ್ತು. ಅದರ ಒಂದು ಮೂಲೆ ಒಡೆದಿದ್ದು ನನ್ನದೇ ಚೆಂಡಿನ ಏಟಿಗೆ ಅಂತ ನಾವು ಹುಡುಗರು ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ಕಾಡಿನ ಮಧ್ಯೆ ತುಳಸಿಕಟ್ಟೆ ತಾನಾಗೇ ಹುಟ್ಟಲ್ಲ.

ಕೆಜಿಎಫ್‌ನ ಗೆಳೆಯನೊಬ್ಬ ಧನಬಾದ್‌ನಲ್ಲಿ ನನ್ನ ರೂಮ್‌ಮೇಟ್. ಅವನದು ಉಲ್ಟಾ ಕಥೆ. ಅಲ್ಲಿ 2001ರ ಫೆಬ್ರುವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು, ಊರನ್ನು ಯಾರೂ ಎತ್ತಿ ಬೇರೆ ಕಡೆ ಇಡಲಿಲ್ಲ. ಜನ ಇದ್ದಲ್ಲೇ ಇದ್ದಾರೆ, ಬೆಳಗಾದರೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಅವನ ಅಪ್ಪನೂ ಹಾಗೇ. ಬೆಲ್‌ಗಡಿಯಾ ನೋಡಿ ಬಂದ ದಿನ ಅವನು, "ಇದಕ್ಕಿಂತ ನಮ್ಮದೇ ವಾಸಿ ಮಗಾ, ನಮಗೆ ರೈಲಾದರೂ ಇದೆ" ಅಂದಿದ್ದ. ತಮಾಷೆಗೆ ಹೇಳಿದ್ದು. ಆದರೆ ಯೋಚನೆ ಮಾಡಿದರೆ ಬೆಲ್‌ಗಡಿಯಾದಿಂದ ಝರಿಯಾಗೆ ಬೆಳಗಿನ ಜಾವ ಒಂದು ಅಗ್ಗದ ಬಸ್ಸು ಓಡಿಸಿದ್ದರೆ ಚಾಚಿಯ ಲೆಕ್ಕದಲ್ಲಿ ಅರ್ಧ ಸರಿಹೋಗುತ್ತಿತ್ತೋ ಏನೋ. ಸಾವಿರಾರು ಕೋಟಿಯ ಯೋಜನೆಯಲ್ಲಿ ಒಂದು ಬಸ್ಸು. ಆದರೆ ಕಲ್ಲಿದ್ದಲು ಆಯುವವರನ್ನು ಕೆಲಸಕ್ಕೆ ಕರೆದೊಯ್ಯುವ ಬಸ್ಸನ್ನು ಸರಕಾರ ಹೇಗೆ ಬಿಡುತ್ತದೆ? ಅದು ಕೆಲಸ ಅಂತ ಮೊದಲು ಒಪ್ಪಿಕೊಳ್ಳಬೇಕಲ್ಲ.

ಹೋದ ವರ್ಷ, 2025ರ ಆಗಸ್ಟ್‌ನಲ್ಲಿ, ಸ್ವೀಡನ್ನಿನ ಕಿರುನಾದಲ್ಲಿ ಒಂದು ಇಡೀ ಚರ್ಚನ್ನು ಚಕ್ರದ ಮೇಲೆ ಹೇರಿ ಐದು ಕಿಲೋಮೀಟರ್ ಸಾಗಿಸಿದ್ದು ನೀವೂ ಮೊಬೈಲಿನಲ್ಲಿ ನೋಡಿರಬಹುದು. 672 ಟನ್ ಮರದ ಕಟ್ಟಡ, ಎರಡು ದಿನದ ಪಯಣ, ಟೀವಿಯಲ್ಲಿ ನೇರ ಪ್ರಸಾರ. ಅಲ್ಲೂ ಕಾರಣ ಗಣಿಯೇ, ಕಬ್ಬಿಣದ್ದು. ಅಲ್ಲೂ ಗಣಿ ಸರಕಾರಿ ಕಂಪನಿಯದೇ. 2004ರಲ್ಲೇ ಊರು ಸ್ಥಳಾಂತರ ಆಗಬೇಕು ಅಂತ ಹೇಳಿ, ಇಪ್ಪತ್ತು ವರ್ಷದಿಂದ ಒಂದೊಂದೇ ಸಾಗಿಸುತ್ತಿದ್ದಾರೆ. ಆ ಊರಿನಲ್ಲೂ ಎಲ್ಲರೂ ಖುಷಿಯಾಗಿಲ್ಲ, ಹಿಮಸಾರಂಗ ಸಾಕುವ ಸಾಮಿ ಜನರು ಗಣಿಯಿಂದ ನಮ್ಮ ದಾರಿ ಮುಚ್ಚುತ್ತಿದೆ ಅನ್ನುತ್ತಲೇ ಇದ್ದಾರೆ. ಆದರೂ ನನಗೆ ಆ ವಿಡಿಯೋ ನೋಡುವಾಗ ಹೊಟ್ಟೆಕಿಚ್ಚಾಯಿತು. ಕಟ್ಟಡಕ್ಕೆ ಕೂಡ ನೆನಪು ಇರುತ್ತದೆ ಅಂತ ಯಾರೋ ಖರ್ಚು ಮಾಡಲು ಒಪ್ಪಿದ್ದಾರಲ್ಲ. ಝರಿಯಾದಲ್ಲಿ 2017ರಲ್ಲಿ ಹಳೇ ಆರ್‌ಎಸ್‌ಪಿ ಕಾಲೇಜನ್ನೂ ಬೆಂಕಿ ಹತ್ತಿರ ಬಂತು ಅಂತ ಬೆಲ್‌ಗಡಿಯಾಗೆ ಸಾಗಿಸಿದರು. ಸಾಗಿಸಿದರು ಅಂದರೆ ಬೋರ್ಡು, ಬೆಂಚು, ಹಾಜರಿ ಪುಸ್ತಕ. ಝರಿಯಾದಲ್ಲೇ ಉಳಿದ ಮನೆಗಳ ಹೆಣ್ಣುಮಕ್ಕಳು ಆಗ ಆಟೋ ಚಾರ್ಜ್ ಲೆಕ್ಕ ಹಾಕೋಕೆ ಶುರು ಮಾಡಿದರು.

ನಾನು ಧನಬಾದ್ ಬಿಟ್ಟು ಹನ್ನೊಂದು ವರ್ಷ ಆಯಿತು. ಮೂಲ ಯೋಜನೆಯ ಗಡುವು 2021ರ ಆಗಸ್ಟಿಗೆ ಮುಗಿದುಹೋಯಿತು, ಬಹುಪಾಲು ಜನ ಇನ್ನೂ ಅಲ್ಲೇ ಇದ್ದರು. 2025ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟಿತು, 5,940 ಕೋಟಿ ರೂಪಾಯಿ. ಈ ಸಲ ಕಾಗದದಲ್ಲಿ ಒಂದು ಹೊಸ ಮಾತು ಇದೆ. ರೈಯತ್, ಗೈರ್ ರೈಯತ್ ಇಬ್ಬರಿಗೂ ಜೀವನೋಪಾಯಕ್ಕೆ ಅಂತ ಒಂದು ಲಕ್ಷ ರೂಪಾಯಿ, ಮೂರು ಲಕ್ಷದವರೆಗೆ ಸಾಲದ ಸೌಲಭ್ಯ, ಹೊಸ ಕೆಲಸ ಕಲಿಸೋಕೆ ತರಬೇತಿ. ಅಂದರೆ ಗೋಡೆಯ ಜೊತೆ ಹೊಟ್ಟೆಯೂ ಇದೆ ಅಂತ ಯಾರಿಗೋ ಹೊಳೆದಿದೆ. ನಾನು ಖುಷಿಪಟ್ಟೆ, ಸುಳ್ಳು ಹೇಳಲ್ಲ. ಸುದ್ದಿ ಓದಿದ ಸಂಜೆಯೇ ಚಾಚಿಯ ಮೊಮ್ಮಗನಿಗೆ ಫೋನ್ ಮಾಡಿದೆ. ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಅಂಗಿ ಅವನದೇ. ಈಗ ಇಪ್ಪತ್ತು ದಾಟಿದೆ. ಚಾಚಿಗೆ ಫೋನ್ ಕೊಟ್ಟ.

ಒಂದು ಲಕ್ಷದ ವಿಷಯ ಹೇಳಿದೆ. ಚಾಚಿಗೆ ಈಗ ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. ಆಮೇಲೆ ಅವರು ಕೇಳಿದ್ದು ಒಂದೇ, ಯಾರ ಹೆಸರಿಗೆ ಬರುತ್ತದೆ ಅಂತ. 2004ರ ಪಟ್ಟಿಯಲ್ಲಿ ಇದ್ದಿದ್ದು ಗಂಡನ ಹೆಸರು, ಅವರು ತೀರಿಕೊಂಡು ಆರು ವರ್ಷವಾಯಿತು. ಬೆಲ್‌ಗಡಿಯಾದ ಮನೆಯಲ್ಲಿ ಇರುವುದು ದೊಡ್ಡ ಮಗ. ಮಗಳು ಇವರ ಜೊತೆ ಇದ್ದಾಳೆ, ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. "ಕೇಳಿ ಹೇಳು ಬಾಬು" ಅಂದರು. ಹೇಳ್ತೀನಿ ಚಾಚಿ ಅಂದೆ.

ಯಾರನ್ನು ಕೇಳಬೇಕು ಅಂತ ನಾನು ಯೋಚಿಸುವಷ್ಟರಲ್ಲಿ ಫೋನು ಮೊಮ್ಮಗನ ಕೈಗೆ ಹೋಗಿತ್ತು. ಅವನಿಗೆ ಬೇರೆ ವಿಷಯ ಬೇಕಿತ್ತು. ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಹನ್ನೆರಡು ಗಂಟೆ ಡ್ಯೂಟಿಗೆ ಎಷ್ಟು ಕೊಡುತ್ತಾರೆ, ನಾಲ್ಕು ಜನ ಸೇರಿ ರೂಮು ಮಾಡಿದರೆ ಬಾಡಿಗೆ ಎಷ್ಟು ಬೀಳುತ್ತದೆ, ರೂಮಿನಿಂದ ಕೆಲಸದ ಜಾಗಕ್ಕೆ ಬಸ್ ಚಾರ್ಜ್ ಎಷ್ಟು.